ಬುಧವಾರ ಇಳಿದವಳು

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕುಡಚಿ ಮತ್ತು ರಾಯಬಾಗದ ನಡುವೆ, ದಿಗ್ಗೇವಾಡಿ ಕಡೆಯ ಬಂಡಿಹಾದಿ ಹಳಿ ದಾಟುವಲ್ಲಿ, ಹರಳಿಮಾಳ ಅನ್ನುವ ಒಂದು ಸಣ್ಣ ಸ್ಟೇಶನ್ನು. ಅದರ ಎದುರಿಗೆ, ಕಬ್ಬಿನ ಹೊಲಕ್ಕೆ ಬೆನ್ನು ಮಾಡಿಕೊಂಡು, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಜ್ಞಾನದೇವ ಕಟ್ಟಿಸಿದ ಎರಡು ಖೋಲಿಯ ಮನೆ. ಜ್ಞಾನದೇವ ತೀರಿಕೊಂಡು ವರ್ಷವಾಗಿತ್ತು. ತೊಂಬತ್ತೊಂಬತ್ತರ ಶ್ರಾವಣ ಅದು. ಅವನ ಮಗಳು ಶೇವಂತಾ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಅವ್ವ ಹೌಸಾಬಾಯಿ ಬೆಳಿಗ್ಗೆಯೇ ಬೇಡಕಿಹಾಳಕ್ಕೆ, ಬಳಗದವರ ಮನೆಯ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋದವಳು, ಈ ಮಳೆಯಲ್ಲಿ ತಿರುಗಿ ಬರುವ ಹಾಗಿರಲಿಲ್ಲ. ಹೀಗಾಗಿ ಮನೆಯಲ್ಲಿ ಇದ್ದ ಹಿರಿಯಳೆಂದರೆ ಜ್ಞಾನದೇವನ ಅಕ್ಕ ಸುಂದರಾ ಒಬ್ಬಳೇ. ಶೇವಂತಾಗೆ ಅತ್ತಿ, ಮಕ್ಕಳಿಗೆ ಆಯಿ. ವಯಸ್ಸು ಎಪ್ಪತ್ತರ ಹತ್ತಿರ. ಚಿಕ್ಕಂದಿನಲ್ಲೇ ಗಂಡನನ್ನು ಕಳಕೊಂಡು ತಮ್ಮನ ಮನೆ ಸೇರಿ, ಅಲ್ಲೇ ಮುದುಕಿಯಾದವಳು.

ಕರೆಂಟು ಹೋಗಿ ತಾಸಾಗಿತ್ತು. ಪಡಸಾಲೆಯಲ್ಲಿ ಒಂದೇ ಕಂದೀಲು. ಸೋರುವ ಮನೆಗಳಿಂದ ಪಕ್ಕದ ನಾಲ್ಕು ಹುಡುಗರೂ ಗೋಣಿತಟ್ಟು ಹೊದ್ದು ಓಡಿಬಂದು ಸೇರಿಕೊಂಡಿದ್ದರು. ಹುರಿದ ಶೇಂಗಾ ಮುಗಿದವು, ಒಗಟು ಮುಗಿದವು, ಆಮೇಲೆ ಹುಡುಗರು ಕೇಳುವುದನ್ನೇ ಕೇಳಿದರು. ಆಯಿ, ದೆವ್ವದ ಕತೆ.

ಸುಂದರಾ ಅತ್ತಿ ಅಡಿಕೆ ಚೂರನ್ನು ದವಡೆಗೆ ಒತ್ತಿಕೊಂಡಳು. ಹಿಂದೆಲ್ಲ ಕೇಳಿದಾಗ ಅವಳು ಒಗೆಯುವ ಕಲ್ಲಿನ ಹತ್ತಿರದ ಹುಣಸೆಮರದ ಕತೆಯನ್ನೋ, ಹೊಳೆಯ ಮಡುವಿನ ಕತೆಯನ್ನೋ ಹೇಳಿ ಮುಗಿಸುತ್ತಿದ್ದಳು. ಜ್ಞಾನದೇವ ಇರುವತನಕ ಅದನ್ನೂ ಮೆಲ್ಲಗೆ ಹೇಳಬೇಕಾಗಿತ್ತು. ಅವನು ಪೇಪರು ಓದುವವನು, ಬುದ್ಧನ ಪಟದ ಕೆಳಗೆ ಕೂತು ಇಂಥದ್ದೆಲ್ಲ ಮಾತಾಡಬಾರದು ಅನ್ನುತ್ತಿದ್ದ.

"ಇವತ್ತ ಒಂದು ಬ್ಯಾರೇನ ಹೇಳ್ತೀನಿ," ಅಂದಳು ಅತ್ತಿ. "ಈ ಕತಿ ಅರ್ಧಾ ನನಗ ಗೊತ್ತೈತಿ. ಇನ್ನ ಅರ್ಧಾ... ಇಲ್ಲೇ ಕುಂತಾಕಿ ಒಬ್ಬಾಕಿಗೆ ಗೊತ್ತೈತಿ. ಎರಡೂ ಕೂಡಿಸಿದ್ರೂ ಪೂರಾ ಆಗೂದಿಲ್ಲ ನೋಡ್ರಿ, ಅಂಥಾ ಕತಿ."

ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಶೇವಂತಾ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ತಲೆಯೆತ್ತಿದಳು.

ಒಂದು ಸ್ಟೇಶನ್ ಇತ್ತು, ಅಲ್ಲಿ ಒಬ್ಬ ಪಾಯಿಂಟ್ಸ್‌ಮನ್ ಇದ್ದ, ಎಂದು ಅತ್ತಿ ಶುರು ಮಾಡಿದಳು. ಹಳಿ ಬದಲಿಸುವುದು, ಬಾವುಟ ಹಿಡಿಯುವುದು ಅವನ ಕೆಲಸ. ಅವನಿಗೊಬ್ಬ ಹೆಂಡತಿ, ಒಂಬತ್ತು ವರ್ಷದ ಒಬ್ಬ ಮಗಳು, ಮನೆಯಲ್ಲಿ ಒಬ್ಬ ವಿಧವೆ ಅಕ್ಕ... ಹೆಸರು ಹೇಳಲಿಲ್ಲ. ಹೇಳುವ ಗರಜೂ ಇರಲಿಲ್ಲ. ಎರಡನೆಯ ಮಾತಿಗೇ ಶೇವಂತಾ ಹರಳಿಮಾಳದ ಹಳೆಯ ಕ್ವಾರ್ಟರ್ಸಿಗೆ, ಎಂಬತ್ತೊಂದನೇ ಇಸವಿಗೆ ಹೋಗಿಬಿಟ್ಟಿದ್ದಳು.

ಆಗ ಇನ್ನೂ ಸಣ್ಣ ಹಳಿ, ಹೊಗೆ ಬಿಡುವ ಎಂಜಿನ್ನು. ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ ಬೀಳುತ್ತಿತ್ತು, ಅವ್ವ ಎಂಜಿನ್ನಿಗೆ ಬೈಯುತ್ತಲೇ ಮತ್ತೆ ಜಾಡಿಸಿ ಹಾಕುತ್ತಿದ್ದಳು. ಕ್ವಾರ್ಟರ್ಸಿನ ಹುಡುಗರಿಗೆ ಗಡಿಯಾರ ಬೇಕಾಗಿರಲಿಲ್ಲ. ಗೂಡ್ಸು ಹೋದರೆ ಶಾಲೆಗೆ ಹೊತ್ತಾಯಿತು, ಮೀರಜ ಕಡೆಯಿಂದ ಮೂರರ ಪ್ಯಾಸೆಂಜರ್ ಬಂದರೆ ಶೇಂಗಾ ಬುಟ್ಟಿ ಹೊತ್ತು ಅತ್ತಿ ಫ್ಲಾಟ್‌ಫಾರಮ್ಮಿಗೆ ನಡೆದಳು ಅಂತ ಅರ್ಥ. ಹಳಿಗೆ ಕಿವಿ ಹಚ್ಚಿ ಗಾಡಿ ಎಲ್ಲಿದೆ ಅಂತ ಹೇಳುವುದು, ಎಂಜಿನ್ನಿನಿಂದ ಬಿದ್ದ ಅರೆಬೆಂದ ಕಲ್ಲಿದ್ದಿಲು ಆರಿಸಿ ಲಂಗದಲ್ಲಿ ಕಟ್ಟಿಕೊಂಡು ಬರುವುದು, ಕಿಡಕಿಯ ಮುಖಗಳಿಗೆ ಕೈ ಬೀಸುವುದು, ಇಳಿಯುವವರು ಯಾರು ಅಂತ ಪಣ ಕಟ್ಟುವುದು... ಇಳಿಯುವವರೇನು ಬಹಳ ಇರುತ್ತಿರಲಿಲ್ಲ. ಗಾಡಿ ನಿಲ್ಲುತ್ತಿದ್ದುದೇ ಒಂದು ನಿಮಿಷ.

ಆ ವರ್ಷ ಶ್ರಾವಣದಲ್ಲಿ ಅವ್ವನ ಅಪ್ಪನಿಗೆ ಮೈಯಲ್ಲಿ ಸರಿಯಿಲ್ಲವೆಂದು ಸತ್ತಿಯಿಂದ ಕಾಗದ ಬಂತು. ಸತ್ತಿ ಅವ್ವನ ತವರು, ಕೃಷ್ಣೆಯ ಆಚೆ ದಂಡೆ. ಕುಡಚಿಯಲ್ಲಿ ಇಳಿದು, ಬಸ್ಸು ಹಿಡಿದು, ದೋಣಿಯಲ್ಲಿ ಹೊಳೆ ದಾಟಬೇಕು. ಅವ್ವ ಹಸಿರು ಸೀರೆ ಉಟ್ಟು, ಕೈಯಲ್ಲೊಂದು ಪಟ್ಟೆಯ ಕೈಚೀಲ, ಅವಳ ಪಿಶವಿ, ಹಿಡಿದು ಹೊರಟಳು. ಮುಂದಿನ ಗುರುವಾರ ಮೂರರ ಗಾಡಿಗೆ ಬರುತ್ತೇನೆ ಎಂದು ಬೆರಳು ಮಡಚಿ ಎಣಿಸಿ ತೋರಿಸಿದ್ದಳು. ಶೇವಂತಾ ದಿನಾ ಬೆರಳು ಮಡಚುತ್ತ ಇದ್ದಳು. ಆಮೇಲೆ ಹೊಳೆಗೆ ನೀರು ಬಂತು, ಘಟ್ಟದ ಮಳೆಯ ಕೆಂಪು ನೀರು...

"ಗುರುವಾರ ಬರ್ತೀನಿ ಅಂದಾಕಿ," ಅತ್ತಿ ಹುಡುಗರ ಕಡೆ ಬಗ್ಗಿದಳು, "ಬುಧವಾರನ ಬಂದ್ಲು."

ಅದು ಶೇವಂತಾಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅತ್ತಿಗೆ ಆ ದಿನ ಜ್ವರ, ಬುಟ್ಟಿ ಹೊತ್ತಿರಲಿಲ್ಲ. ಅಪ್ಪ ಎಂಜಿನ್ನಿನ ಆಚೆ ಮಗ್ಗುಲು ಇದ್ದ. ಶೇವಂತಾ ಫ್ಲಾಟ್‌ಫಾರಮ್ಮಿನ ತುದಿಯಲ್ಲಿ ಕಲ್ಲಿದ್ದಿಲು ಆರಿಸುತ್ತಿದ್ದಳು. ಗಾಡಿ ಹೋಯಿತು, ಹೊಗೆ ತಗ್ಗಿತು, ಹೊಗೆಯ ಆಚೆ ಅವ್ವ ನಿಂತಿದ್ದಳು. ಅದೇ ಹಸಿರು ಸೀರೆ, ಅದೇ ಪಿಶವಿ. ಶೇವಂತಾ ಓಡಿ ಹೋಗಿ ಸೊಂಟ ಅಪ್ಪಿಕೊಂಡು, ನಾಳೆ ಅಲ್ಲವೇ ಬರುತ್ತೇನೆ ಅಂದದ್ದು ಎಂದು ಕೇಳಿದಳು.

"ತಡಿಯಾಕ ಆಗ್ಲಿಲ್ಲ ಬೇ," ಅಂದಿದ್ದಳು ಅವ್ವ. "ಬಂದೆ."

ಪಿಶವಿಯಿಂದ ಒಂದು ಡಜನ್ ಹಸಿರು ಬಳೆ ತೆಗೆದು ಅಲ್ಲೇ ಫ್ಲಾಟ್‌ಫಾರಮ್ಮಿನ ಬೇವಿನ ಕಟ್ಟೆಯ ಮೇಲೆ ಕೂತು ಮಗಳ ಎರಡೂ ಕೈಗೆ ತೊಡಿಸಿದಳು. ಮನೆಗೆ ಬಂದು ಒಲೆ ಹಚ್ಚಿದಳು, ಜ್ವರದಲ್ಲಿದ್ದ ಅತ್ತಿಗೆ ಶುಂಠಿ ಕುದಿಸಿ ಕೊಟ್ಟಳು, ಗಂಡನಿಗೆ ಮಾವನ ಸುದ್ದಿ ಹೇಳಿದಳು, ಮಗಳ ತಲೆ ಬಾಚಿದಳು. ಮರುದಿನವೂ ಎಲ್ಲ ಹಾಗೆಯೇ. ಬಾಚುವಾಗ ಕೂದಲು ಜಗ್ಗಿದ್ದು, ಕೈಗೆ ಹತ್ತಿದ ಬೆಳ್ಳುಳ್ಳಿಯ ವಾಸನೆ, ಜೋಗುಳದಂಥ ಗುನುಗು... ಯಾವುದಾದರೂ ಒಂದು ಬೇರೆ ಇತ್ತೇ? ಇಷ್ಟು ವರ್ಷ ಶೇವಂತಾ ಹುಡುಕಿದ್ದಳು. ಒಂದೂ ಸಿಕ್ಕಿರಲಿಲ್ಲ.

ಗುರುವಾರ ಮೂರಕ್ಕೆ ಅತ್ತಿ ಚೇತರಿಸಿಕೊಂಡು ಬುಟ್ಟಿ ಹೊತ್ತಳು. ಶೇವಂತಾ ಜೊತೆಗೆ ಹೋದಳು. ಅವ್ವ ಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಸಂಜೆಗೆ ಬಿಸಿ ರೊಟ್ಟಿ ಮಾಡುತ್ತೇನೆ ಬೇಗ ಬರ್ರಿ ಅಂದಿದ್ದಳು. ಗಾಡಿ ಬಂತು, ನಿಂತಿತು. ಕೊನೆಯ ಡಬ್ಬಿಯಿಂದ ಹಸಿರು ಸೀರೆಯ ಒಬ್ಬ ಹೆಣ್ಣುಮಗಳು ಇಳಿದಳು. ಕೈಯಲ್ಲಿ ಪಟ್ಟೆಯ ಪಿಶವಿ. ಸೀರೆಯ ಅಂಚು ಮೊಣಕಾಲ ತನಕ ತೊಯ್ದು ಕೆಸರಾಗಿತ್ತು.

ಕಂದೀಲಿನ ಸುತ್ತ ಹುಡುಗರು ಒಬ್ಬರಿಗೊಬ್ಬರು ಒತ್ತಿ ಕೂತರು.

ಅವಳು ನೆಟ್ಟಗೆ ಇವರ ಕಡೆಗೇ ಬಂದಳು. ಬೆಳಿಗ್ಗೆ ಹೊಳೆ ದಾಟುವುದೇ ಕಷ್ಟವಾಯಿತು ಎಂದಳು. ಮಗಳ ಕೈಯಲ್ಲಿನ ಬಳೆ ನೋಡಿ ನಿಂತಳು. ಪಿಶವಿಯೊಳಗೆ ಕೈಹಾಕಿ ಒಂದು ಡಜನ್ ಬಳೆ ತೆಗೆದಳು. ಅದೇ ಹಸಿರು, ಅದೇ ಹಳದಿ ಚುಕ್ಕೆ.

"ಇವನ್ನ ಯಾರ ತೊಡಿಸಿದ್ರು ಬೇ ನಿನಗ?"

ಶೇವಂತಾ ನೀನೇ ಅಂದಳೋ, ಏನೂ ಅನ್ನಲಿಲ್ಲವೋ, ಅದು ಅವಳಿಗೆ ನೆನಪಿರಲಿಲ್ಲ. ನೆನಪಿದ್ದುದು ಅಪ್ಪನ ಮುಖ. ಹಸಿರು ಬಾವುಟ ಎತ್ತಿ ಹಿಡಿದವನು ಗಾಡಿ ಹೋದ ಮೇಲೂ ಇಳಿಸಿರಲಿಲ್ಲ. ಎರಡು ತಾಸಿನ ಹಿಂದೆ ಹೆಂಡತಿಯ ಕೈಯಿಂದ ಅನ್ನ ಉಂಡು ಡ್ಯೂಟಿಗೆ ಬಂದವನು, ಈಗ ಇಳಿದವಳನ್ನು ನೋಡುತ್ತಿದ್ದ, ಕ್ವಾರ್ಟರ್ಸಿನ ಚಿಮಣಿಯಿಂದ ಏಳುತ್ತಿದ್ದ ಹೊಗೆಯನ್ನು ನೋಡುತ್ತಿದ್ದ. ಅತ್ತಿ ಬುಟ್ಟಿಯನ್ನು ಅಲ್ಲೇ ಇಳಿಸಿ, ಬೋರಿನ ಹತ್ತಿರ ಕಾಲು ತೊಳೆಸಿ ಅವ್ವನನ್ನು ನಿಧಾನವಾಗಿ ಕರಕೊಂಡು ಬಾ ಎಂದು ಶೇವಂತಾಗೆ ಹೇಳಿ, ಮನೆಯ ಕಡೆ ಓಡಿದ್ದಳು. ಇವರಿಬ್ಬರೂ ಮನೆ ಮುಟ್ಟುವಾಗ ಒಲೆಯ ಮುಂದೆ ಅತ್ತಿ ಒಬ್ಬಳೇ ಕೂತಿದ್ದಳು. ಹೆಂಚಿನ ಮೇಲೆ ಒಂದು ರೊಟ್ಟಿ ಉಬ್ಬಿತ್ತು.

ಮುಂದೆ ಎಂಟು ದಿನ ಶೇವಂತಾಗೆ ಸುಡುವ ಜ್ವರ. ಜ್ವರ ಬಿಟ್ಟಾಗ ಇದ್ದುದು ಕೈಯಲ್ಲಿನ ಒಂದೇ ಡಜನ್ ಬಳೆ, ಇನ್ನೊಂದು ಡಜನ್ ಮನೆಯಲ್ಲಿ ಎಲ್ಲೂ ಇರಲಿಲ್ಲ. ಅಪ್ಪ ಹಾಸಿಗೆಯ ಹತ್ತಿರ ಕೂತು, ಬುಧವಾರ ಯಾರೂ ಬಂದಿರಲಿಲ್ಲ, ಜ್ವರದಲ್ಲಿ ನಿನಗೆ ಹಾಗೆ ಅನ್ನಿಸಿದೆ, ಎಂದು ಹೇಳಿದ. ಅತ್ತಿಯೂ ಹೌದು ಅಂದಳು.

"ನಾ ಹೌದು ಅಂದೆ," ಅಂದಳು ಅತ್ತಿ, ಈಗ ಹುಡುಗರ ಕಡೆ ನೋಡದೆ. "ಕತಿ ಇಲ್ಲಿಗೇ ಮುಗೀಲಿಲ್ಲ. ಮೂರನೇ ದಿನಕ್ಕ ಆ ಹೆಣ್ಣಮಗಳ ತಮ್ಮ ಬಂದ, ನಾಮದೇವ ಅಂತ. ಅಳಕೋತ ಬಂದಾನ. ಯಾಕ ಗೊತ್ತೇನು? ಅಕ್ಕ ಸತ್ತಾಳ ಅಂತ ಹೇಳಾಕ..."

ಗುರುವಾರ ಮುಂಜಾನೆ ದೋಣಿ ಮಗುಚಿತ್ತು. ನಾಮದೇವ ತಾನೇ ಅಕ್ಕನ ಕೈಹಿಡಿದು ದೋಣಿ ಹತ್ತಿಸಿದ್ದ, ದಂಡೆಯಲ್ಲಿ ನಿಂತು ಕಣ್ಣಾರೆ ನೋಡಿದ್ದ. ನಾಲ್ಕು ಹೆಣ ಸಿಕ್ಕವು, ಅಕ್ಕನದು ಸಿಗಲಿಲ್ಲ. ಎರಡು ದಿನ ಹೊಳೆ ಹುಡುಕಿ, ಮೂರನೆಯ ದಿನ ಭಾವನಿಗೆ ಹೇಗೆ ಹೇಳಲಿ ಅಂತ ಬಂದವನು, ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತ ಅಕ್ಕನನ್ನು ಕಂಡು ಅಲ್ಲೇ ನೆಲಕ್ಕೆ ಕುಸಿದ. ಅವಳು ನೀರು ತಂದು ಕುಡಿಸಿದಳು. ದೋಣಿ ಮಗುಚಿದ್ದು ನಿಜ ಎಂದಳು. ದಂಡೆಗೆ ಬಂದೆ, ಹೇಗೆ ಬಂದೆನೋ ನೆನಪಿಲ್ಲ, ನಡೆದೆ, ಗಾಡಿ ಸಿಕ್ಕಿತು, ಮನೆಯವರು ಹೆದರಿಕೊಂಡಾರು ಅಂತ ದೋಣಿಯ ಮಾತು ತೆಗೆಯಲಿಲ್ಲ, ಎಂದಳು. ಅತ್ತಿ ಮೆಲ್ಲಗೆ ಅವನನ್ನು ಹಿತ್ತಲಿಗೆ ಕರೆದು, ಬುಧವಾರ ನಿಮ್ಮಕ್ಕ ಎಲ್ಲಿದ್ದಳು ಎಂದು ಕೇಳಿದಳು. ಬುಧವಾರ ಇಡೀ ದಿನ ಸತ್ತಿಯಲ್ಲೇ, ಅಪ್ಪನ ಹಾಸಿಗೆ ಬಿಟ್ಟು ಏಳಲಿಲ್ಲ, ಎಂದ ನಾಮದೇವ.

"ಈಗ ಹೇಳ್ರಿ," ಅತ್ತಿ ಎರಡು ಬೆರಳು ಎತ್ತಿದಳು. "ಒಬ್ಬಾಕಿ ಮುಳುಗೂಕಿಂತ ಮೊದಲ ಬಂದ್ಲು. ಇನ್ನೊಬ್ಬಾಕಿ ಮುಳುಗಿದ ಮ್ಯಾಲೆ ಬಂದ್ಲು. ಇದರಾಗ ಜೀವಂತ ಇದ್ದಾಕಿ ಯಾರು?"

ಹುಡುಗರು ಜಗಳಕ್ಕೆ ಬಿದ್ದರು. ಮೊದಲಿನವಳೇ ದೆವ್ವ ಅಂತ ಇಬ್ಬರು, ಇಲ್ಲ ಎರಡನೆಯವಳು ಅಂತ ಇಬ್ಬರು. ಶೇವಂತಾಳ ಮಗಳು ಇಬ್ಬರೂ ದೆವ್ವವೇ ಎಂದಳು. ಅತ್ತಿ ತನಗೆ ಗೊತ್ತಿಲ್ಲ ಅಂದಾಗ ಎಲ್ಲರಿಗೂ ಬೇಜಾರಾಯಿತು. ಇದೆಂಥಾ ಕತೆ, ಹುಣಸೆಮರದ್ದೇ ಛಲೋ ಇತ್ತು ಎಂದರು. ಅಷ್ಟರಲ್ಲಿ ಮಳೆ ಸಣ್ಣಗಾಗಿ ಪಕ್ಕದ ಮನೆಯವರು ಕೂಗಿದರು, ಹುಡುಗರು ಎದ್ದು ಹೋದರು. ಶೇವಂತಾ ತನ್ನ ಮಕ್ಕಳಿಗೆ ಒಳಗೆ ಬಡಿಸಿ ಕೊಟ್ಟು ತಿರುಗಿ ಬಂದು ಅತ್ತಿಯ ಎದುರಿಗೆ ಕೂತಳು. ಹದಿನೆಂಟು ವರ್ಷ ಅವಳ ತಲೆಯಲ್ಲಿ ಅವ್ವ ಎರಡು ಸಲ ಗಾಡಿಯಿಂದ ಇಳಿದಿದ್ದಳು. ಹದಿನೆಂಟು ವರ್ಷ ಅದನ್ನು ಜ್ವರ ಅಂದುಕೊಂಡಿದ್ದಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಯಾರ ಮೇಲೆ ಬರಬೇಕು ಅನ್ನುವುದೇ ತಿಳಿಯಲಿಲ್ಲ.

ನೀನು ಮನೆಗೆ ಓಡಿದಾಗ ಏನಾಯಿತು ಎಂದಷ್ಟೇ ಕೇಳಿದಳು.

ಅತ್ತಿ ಕಂದೀಲಿನ ಬತ್ತಿ ಸಣ್ಣದು ಮಾಡಿದಳು. ಇದನ್ನು ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ ಎಂದಳು. ಬಾಗಿಲಲ್ಲಿ ಹೋಗಿ ನಿಂತಾಗ ಬುಧವಾರ ಬಂದವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ. ಏದುಸಿರು ಬಿಡುತ್ತ ನಿಂತ ಸುಂದರಾಳನ್ನು ನೋಡಿದಳು, ಬಡಿಯುವ ಕೈ ನಿಲ್ಲಿಸಿದಳು, ಹೆದರಲಿಲ್ಲ, ಬೆರಗಾಗಲಿಲ್ಲ. ಒಂದೇ ಮಾತು ಕೇಳಿದಳು.

"'ಬಂದ್ಲೇನ್ರಿ ಅಕ್ಕಾ?' ಅಂದ್ಲು."

ಹೊರಗೆ ಸೂರಿನ ನೀರು ತೊಟ್ಟಿಕ್ಕುತ್ತಿತ್ತು.

ಯಾರು ನೀನು ಎಂದು ಸುಂದರಾ ಕೇಳಿದಳಂತೆ. ನಾನು ಹೌಸಾ ಎಂದಳು. ಹಾಗಾದರೆ ಅಲ್ಲಿ ಇಳಿದವಳು ಯಾರು ಎಂದರೆ, ಅವಳೂ ಹೌಸಾನೇ ಇರಬೇಕು ಎಂದಳು. ಮುಂದೆ ಕೇಳುವುದಕ್ಕೆ ಹೊತ್ತು ಎಲ್ಲಿತ್ತು? ಬೋರಿನ ಹಿಡಿಕೆಯ ಸಪ್ಪಳ ಕೇಳುತ್ತಿತ್ತು. ತಾಯಿ ಮಗಳು ಕಾಲು ತೊಳೆದುಕೊಂಡು ಇನ್ನೇನು ಬರುವವರು. ಇಬ್ಬರೂ ಎದುರುಬದುರು ನಿಂತರೆ ಏನಾದೀತು, ನಡುವೆ ನಿಂತ ಕೂಸಿಗೆ ಏನಾದೀತು...

"ನಾ ಅಕೀಗೆ ಹೇಳ್ದೆ. ಅಕೀನ್ನ ಸ್ಟೇಶನ್ ಮಂದಿ ಎಲ್ಲಾ ನೋಡ್ಯಾರ, ಮಾಸ್ತರ ನೋಡ್ಯಾನ, ನನ್ನ ತಮ್ಮ ನೋಡ್ಯಾನ. ನೀ ಇಳಿದಿದ್ದು ಒಂದ ಹುಡಿಗಿ ಬಿಟ್ಟರ ಯಾರೂ ನೋಡಿಲ್ಲ. ನೀ ಹೋಗು, ಅಂದೆ. ಅಷ್ಟ ಬೇ. ಬ್ಯಾರೆ ಏನೂ ವಿಚಾರ ಮಾಡ್ಲಿಲ್ಲ. ಯಾರು ಖರೆ, ಯಾರು ಸುಳ್ಳು, ಅದನ್ನ ನಾ ನೋಡ್ಲೇ ಇಲ್ಲ."

ಅವಳು ವಾದ ಮಾಡಲಿಲ್ಲವಂತೆ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡಳು, ಪಿಶವಿ ತೆಗೆದುಕೊಂಡಳು. ಶೇವಂತಾಳನ್ನು ಒಂದು ಸಲ ನೋಡಿ ಹೋಗುತ್ತೇನೆ ಎಂದು ಕೇಳಿದಳು. ಸುಂದರಾ ಬೇಡ ಎಂದಳು. ಹಿತ್ತಲ ಬಾಗಿಲಿನಿಂದ ಇಳಿದು ಹಳಿಯ ಗುಂಟ ಸಿಗ್ನಲ್ಲಿನ ಕಡೆ ನಡೆದು ಹೋದಳು. ಅಳುತ್ತಿದ್ದಳು. ದೆವ್ವ ಅಳುತ್ತದೆಯೇ? ಸುಂದರಾಗೆ ಗೊತ್ತಿರಲಿಲ್ಲ. ಆ ಸಂಜೆ ಮನೆಯಲ್ಲಿ ಉಳಿದ ಹೌಸಾ ಆ ರೊಟ್ಟಿಗಳನ್ನೇ ಉಂಡು, ಅಕ್ಕಾ, ಥೇಟ್ ನನ್ನ ಕೈಯ ರೊಟ್ಟಿಯ ಹಾಗೆ ಆಗಿವೆ, ಎಂದು ಹೊಗಳಿದಳು.

ಶೇವಂತಾ ಬಾಗಿಲಿನ ಆಚೆ, ಕತ್ತಲಲ್ಲಿ ಕಾಣದ ಸ್ಟೇಶನ್ನಿನ ಕಡೆ ನೋಡುತ್ತ ಕೂತಳು. ಇಷ್ಟು ವರ್ಷ ಉಣ್ಣಿಸಿದವಳು, ದೊಡ್ಡವಳಾದಾಗ ಬುದ್ಧಿ ಹೇಳಿದವಳು, ಈಗ ಹಾಸ್ಟೆಲಿನಲ್ಲಿರುವ ತಮ್ಮನನ್ನು ಆಮೇಲೆ ಹೆತ್ತವಳು, ಎರಡೂ ಬಾಣಂತನ ಮಾಡಿದವಳು... ಅವಳಲ್ಲಿ ಏನು ಕಡಿಮೆ ಇತ್ತು? ಏನೂ ಇರಲಿಲ್ಲ. ಹಾಗಾದರೆ ಹಳಿಯ ಗುಂಟ ಅಳುತ್ತ ಹೋದವಳು? ಅವಳ ಬಗ್ಗೆ ಯೋಚಿಸಿದರೆ ಇವಳಿಗೆ ದ್ರೋಹ ಅನ್ನಿಸಿತು, ಯೋಚಿಸದಿದ್ದರೆ ಅವಳಿಗೆ. ನಮ್ಮವ್ವ ಯಾರು ಅತ್ತಿ ಎಂದು ಕೇಳಬೇಕೆಂದವಳು, ಅದು ಬಾಯಿಗೆ ಬರದೆ, ಆಮೇಲೆ ಅವಳು ಎಲ್ಲಿಗೆ ಹೋದಳು ಎಂದು ಕೇಳಿದಳು.

ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲ, ಬರುತ್ತಾಳೆ, ಎಂದಳು ಅತ್ತಿ. ಮರುವರ್ಷದ ಶ್ರಾವಣದಿಂದ. ಒಂದೇ ಸಲ, ಮೂರರ ಗಾಡಿಗೆ. ಹಳಿ ದೊಡ್ಡದಾಯಿತು, ಹೊಗೆಯ ಎಂಜಿನ್ನು ಹೋಯಿತು, ಆದರೂ ಬಂದಳು. ಬೇವಿನ ಕಟ್ಟೆಯ ಮೇಲೆ ಕೂತುಕೊಳ್ಳುತ್ತಾಳೆ. ಸುಂದರಾ ರೊಟ್ಟಿ ಒಯ್ದು ಕೊಡುತ್ತಾಳೆ, ಉಣ್ಣುತ್ತಾಳೆ, ಎಲ್ಲರ ಸುದ್ದಿ ಕೇಳುತ್ತಾಳೆ, ಎದುರಿನ ಗಾಡಿಗೆ ತಿರುಗಿ ಹೋಗುತ್ತಾಳೆ.

"ಅಕೀಗೂ ವಯಸ್ಸಾಗೈತಿ ಬೇ. ಅದ ನನಗ ತಿಳೀವಲ್ದು. ತಲಿ ಬೆಳ್ಳಗಾಗೈತಿ, ಮುಂದಿನ ಹಲ್ಲ ಒಂದು ಬಿದ್ದೈತಿ. ಮನ್ಯಾಗಿನಾಕೀಗೂ ಅದ ಹಲ್ಲ ಬಿದ್ದೈತಿ."

ತನಗೆ ಒಂದು ಸಲ ತೋರಿಸು, ದೂರದಿಂದಲಾದರೂ ನೋಡುತ್ತೇನೆ ಎಂದು ಶೇವಂತಾ ಬೇಡಿಕೊಂಡಳು. ಅತ್ತಿ ತಲೆ ಅಲ್ಲಾಡಿಸಿದಳು. ನೀನು ನೋಡಿದ್ದೀ, ಒಂದು ಸಲ ಅವಳು ಶ್ರಾವಣ ಕಾಯದೆ ಬಂದಿದ್ದಳು, ಎಂದಳು. ತೊಂಬತ್ತನೇ ಇಸವಿ, ನಿನ್ನ ಲಗ್ನದ ಅರಿಸಿನದ ಮುಂಜಾನೆ, ಅವ್ವ ಅರಿಸಿನದ ತಟ್ಟೆ ಹಿಡಿದು ಬಂದಾಗ ನೀನು ಏನಂದೆ, ನೆನಪು ಮಾಡಿಕೋ.

ಶೇವಂತಾ ನೆನಪು ಮಾಡಿಕೊಂಡಳು. ಆಗಲೇ ಹಚ್ಚಿ ಹೋದೆಯಲ್ಲ ಅವ್ವಾ, ಎಷ್ಟು ಸಲ ಹಚ್ಚುತ್ತೀ, ಎಂದಿದ್ದಳು. ಸುತ್ತ ಕೂತ ಹೆಣ್ಣುಮಕ್ಕಳೆಲ್ಲ ನಕ್ಕಿದ್ದರು, ಮಗಳು ಹೋಗುತ್ತಾಳಂತ ಹೌಸಾಗೆ ಮರೆವು ಬಂದಿದೆ ಅಂದಿದ್ದರು. ಅವ್ವನೂ ನಕ್ಕಿದ್ದಳು.

"ನಾ ನಗಲಿಲ್ಲ," ಅಂದಳು ಅತ್ತಿ.

ಹೋದ ವಾರವೂ, ಶೇವಂತಾ ತವರಿಗೆ ಬರುವ ಎರಡು ದಿನ ಮೊದಲು, ಬಂದಿದ್ದಳಂತೆ. ಈ ಸಲ ಸುಂದರಾಗೆ ಮೊಣಕಾಲು ನೋವಿನಿಂದ ಸ್ಟೇಶನ್ನಿಗೆ ಹೋಗಲು ಆಗಿರಲಿಲ್ಲ. ಕಟ್ಟೆಯ ಮೇಲೆ ಕಾದು ಕಾದು, ಹಳಿ ದಾಟಿ, ಈ ಮನೆಯ ಪಾವಟಿಗೆಯ ತನಕ ತಾನೇ ನಡೆದು ಬಂದಿದ್ದಳು. ಒಳಗೆ ಹೌಸಾ ಬೇಳೆ ಬೇಯಿಸುತ್ತಿದ್ದಳು. ಪಾವಟಿಗೆಯ ಮೇಲೆ ಕಾಲಿಟ್ಟು, ಪ್ರತಿ ವರ್ಷ ಕೇಳುವುದನ್ನೇ ಮೆಲ್ಲಗೆ ಕೇಳಿದಳು.

"'ಇನ್ನ ನಾ ಬರ್ಲೇನ್ರಿ ಅಕ್ಕಾ?' ಅಂತಾಳ. ಪ್ರತಿ ವರ್ಷ ಅಷ್ಟ. 'ಇನ್ನೂ ಬ್ಯಾಡ, ಅಕಿ ಅದಾಳ' ಅಂತ ನಾ ಹೇಳ್ತೀನಿ. ಪಿಶವಿ ಎತ್ಕೊಂಡು ಹೋಗ್ತಾಳ." ಅತ್ತಿ ಮೊಣಕಾಲ ಮೇಲೆ ಕೈಯೂರಿ, ಗೋಡೆ ಹಿಡಿದು ಎದ್ದಳು, ಕಂದೀಲು ಎತ್ತಿಕೊಂಡಳು. "ಬರೋ ಶ್ರಾವಣಕ್ಕ ನಾ ಇರ್ತೀನೋ ಇಲ್ಲೋ ಯಾರಿಗೆ ಗೊತ್ತು? ಅದಕ್ಕ ಇವತ್ತ ಹೇಳ್ದೆ. ನಾ ಇಲ್ಲ ಅಂದ್ರ ಅಕಿ ನಿನ್ನ ಹತ್ರ ಕೇಳಾಕ ಬರ್ತಾಳ, ಶೇವಂತಾ... ಏನ ಹೇಳ್ತಿ ಅನ್ನೂದನ್ನ ಈಗಿಂದ ವಿಚಾರ ಮಾಡಿ ಇಟ್ಕೋ."